ಸೊಂಟ ನೋವಿಗೆ ಪೃಷ್ಠದ ಗಾತ್ರವಲ್ಲ, ಬಲ ನೋಡಿ

ಪೃಷ್ಠ ದಪ್ಪಗಿದ್ದರೆ ಸೊಂಟ ನೋವು ಬರುತ್ತದೆ ಎನ್ನುವವರಿದ್ದಾರೆ, ಚಪ್ಪಟೆಯಾಗಿದ್ದರೆ ಬರುತ್ತದೆ ಎನ್ನುವವರೂ ಇದ್ದಾರೆ. ಹೊರಗೆ ಕಾಣುವ ಆಕಾರದಲ್ಲಿ ಕೊಬ್ಬು, ಸ್ನಾಯು, ಮೂಳೆಯ ಅಗಲ ಎಲ್ಲವೂ ಬೆರೆತಿರುತ್ತವೆ. ಕನ್ನಡಿ ನೋಡಿ ಸ್ನಾಯುವಿನ ಬಲ ಅಳೆಯಲಾಗದು.

ಗ್ಲೂಟಿಯಸ್ ಮ್ಯಾಕ್ಸಿಮಸ್ ಇಲ್ಲಿನ ದೊಡ್ಡ ಸ್ನಾಯು. ಕುಳಿತಲ್ಲಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಬಗ್ಗಿ ನೆಟ್ಟಗಾಗುವಾಗ ಇದರದೇ ಕೆಲಸ. ಇದು ಸೋತರೆ ಎತ್ತುವ ಭಾರ ಕೆಳಬೆನ್ನಿನ ಸ್ನಾಯುಗಳ ಪಾಲಾಗುತ್ತದೆ. ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಮತ್ತು ಮಿನಿಮಸ್ ಎಂಬ ಚಿಕ್ಕ ಸ್ನಾಯುಗಳು, ನಡೆಯುವಾಗ ಒಂದು ಕಾಲು ನೆಲ ಬಿಟ್ಟಾಗಲೆಲ್ಲ ಸೊಂಟ ಆ ಕಡೆಗೆ ಜೋತುಬೀಳದಂತೆ ಹಿಡಿಯುತ್ತವೆ. ಸೊಂಟ ನೋವಿರುವ ಅನೇಕರಲ್ಲಿ ಮೀಡಿಯಸ್ ದುರ್ಬಲವಾಗಿರುತ್ತದೆ. ಹಾಗೆಂದು ಅದೇ ಮೂಲ ಎಂದುಕೊಳ್ಳಬೇಡಿ: ನೋವಿನಿಂದ ಓಡಾಟ ನಿಂತರೂ ಸ್ನಾಯು ಸೊರಗುತ್ತದೆ.

ವ್ಯಾಯಾಮಕ್ಕೆ ಮೊದಲು ಒಂದು ಎಚ್ಚರಿಕೆ. ಮಲಮೂತ್ರದ ಹಿಡಿತ ತಪ್ಪಿದ್ದರೆ, ತೊಡೆಸಂದಿಯಲ್ಲಿ ಜೋಮು ಹಿಡಿದಿದ್ದರೆ, ಕಾಲಿನ ಶಕ್ತಿ ಕುಂದುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ನೋವಿನ ಜೊತೆ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಕೆ ಇದ್ದರೆ, ಬಿದ್ದು ಪೆಟ್ಟಾದ ಮೇಲೆ ನೋವು ಶುರುವಾಗಿದ್ದರೆ ವೈದ್ಯರನ್ನು ಕಂಡೇ ಮುಂದುವರಿಯಿರಿ.

ಈಗ ಪರೀಕ್ಷೆ. ಕನ್ನಡಿಯೆದುರು ಒಂದೇ ಕಾಲಿನ ಮೇಲೆ 30 ಸೆಕೆಂಡು ನಿಲ್ಲಿ. ಎತ್ತಿದ ಕಾಲಿನ ಕಡೆ ಸೊಂಟ ಇಳಿದರೆ ಅಥವಾ ಮೈ ಊರಿದ ಕಾಲಿನತ್ತ ವಾಲಿದರೆ, ಊರಿದ ಕಾಲಿನ ಮೀಡಿಯಸ್ ಸೋಲುತ್ತಿರಬಹುದು.

ಮೊದಲ ವ್ಯಾಯಾಮ ಬ್ರಿಡ್ಜ್. ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಊರಿ. ಮೊದಲು ಪೃಷ್ಠವನ್ನು ಬಿಗಿಹಿಡಿದು, ಆಮೇಲೆ ಹಿಮ್ಮಡಿ ಒತ್ತುತ್ತಾ ಸೊಂಟ ಎತ್ತಿ. ಭುಜದಿಂದ ಮಂಡಿವರೆಗೆ ಒಂದೇ ಗೆರೆಯಾದಾಗ 5 ಸೆಕೆಂಡು ನಿಲ್ಲಿಸಿ, ನಿಧಾನ ಇಳಿಸಿ. ಹೀಗೆ 10 ಬಾರಿ, 2 ಸುತ್ತು. ಹೆಚ್ಚು ಎತ್ತಿದಷ್ಟೂ ಒಳ್ಳೆಯದೆಂದು ಬೆನ್ನನ್ನು ಕಮಾನಾಗಿಸುವುದೇ ಇಲ್ಲಿನ ದೊಡ್ಡ ತಪ್ಪು. ಆಗ ಕೆಲಸವೆಲ್ಲ ನೋಯುವ ಬೆನ್ನಿಗೇ ಹೋಗುತ್ತದೆ. ತೊಡೆಯ ಹಿಂಭಾಗ ಹಿಡಿದುಕೊಂಡರೆ ಪಾದ ದೂರವಾಗಿದೆ ಎಂದರ್ಥ, ಹತ್ತಿರಕ್ಕೆ ತನ್ನಿ.

ಎರಡನೆಯದು ಕ್ಲಾಮ್‌ಶೆಲ್. ಒಂದು ಮಗ್ಗುಲಾಗಿ ಮಲಗಿ ಮಂಡಿಗಳನ್ನು ಮಡಚಿ, ಹಿಮ್ಮಡಿ ಜೋಡಿಸಿ, ಮೇಲಿನ ಮಂಡಿಯನ್ನಷ್ಟೇ ತೆರೆಯಿರಿ. ಸೊಂಟ ಹಿಂದಕ್ಕೆ ಹೊರಳಿದರೆ ಮಂಡಿ ಎಷ್ಟು ಮೇಲೆ ಹೋದರೂ ಉಪಯೋಗವಿಲ್ಲ, ಹಿಂದೆ ಗೋಡೆಯಿರಲಿ. ಪ್ರತಿ ಕಡೆ 12 ಬಾರಿ.

ವಾರಕ್ಕೆ 3 ದಿನ ಸಾಕು, ಬಲ ಕಾಣಲು 6–8 ವಾರ ಬೇಕು. ಮರುದಿನ ಪೃಷ್ಠದಲ್ಲಿ ಮೈಕೈ ನೋವಿನಂಥ ನೋವು ಸಹಜ. ನೋವು ಕಾಲಿಗೆ ಇಳಿಯತೊಡಗಿದರೆ ನಿಲ್ಲಿಸಿ.

ಬಲ ಬಂದರೂ ಬಗ್ಗುವ ರೀತಿ ಬದಲಾಗದಿದ್ದರೆ ಅದು ಬಳಕೆಗೆ ಬಾರದು. ಒಂದು ಕೋಲನ್ನು ಬೆನ್ನಿಗೆ ನೇರ ಹಿಡಿದು ತಲೆ, ಬೆನ್ನು, ತ್ರಿಕಾಸ್ಥಿ (ಬೆನ್ನೆಲುಬಿನ ಬುಡದ ಮೂಳೆ) ಮೂರಕ್ಕೂ ತಾಗಿಸಿ. ಮಂಡಿ ತುಸು ಮಡಚಿ, ಹಿಂದಿನ ಬಾಗಿಲನ್ನು ಪೃಷ್ಠದಿಂದ ತಳ್ಳುವಂತೆ ಹಿಂದೆ ಸರಿಯುತ್ತಾ ಬಗ್ಗಿ. ಕೋಲು ಯಾವುದಾದರೂ ಬಿಂದುವನ್ನು ಬಿಟ್ಟರೆ ಬೆನ್ನು ಅಥವಾ ಕುತ್ತಿಗೆ ಬಾಗಿದೆ ಎಂದರ್ಥ. ಅದಕ್ಕಿಂತ ತುಸು ಮೊದಲೇ ನಿಂತು, ಆ ಆಳದಲ್ಲೇ ದಿನಕ್ಕೆ 10 ಬಾರಿ ಅಭ್ಯಾಸ ಮಾಡಿ. ಹಿಂಜೇಬಿನ ಪರ್ಸನ್ನೂ ತೆಗೆದಿಡಿ, ಕುಳಿತಾಗ ಅದು ಸೊಂಟವನ್ನು ಒಂದು ಬದಿಗೆ ಎತ್ತಿಬಿಡುತ್ತದೆ.