ಬಂಡೀನಿ ಓದ್ತಾ ಓದ್ತಾ ನನ್ನ ಕತೆ ಮುಗಿದದ್ದು

ಎರಡು ವರ್ಷದಿಂದ ನನ್ನ ಒಂದು ಕತೆ ಮೂರನೇ ಪುಟದಲ್ಲೇ ನಿಂತಿತ್ತು. ಕುಂದಾಪ್ರ ಕಡೆಯಿಂದ ಬಂದು ಮುಂಬೈ ಫೋರ್ಟಿನ ಹೋಟ್ಲಲ್ಲಿ ಗಲ್ಲಾದ ಮೇಲೆ ಕೂತ ಹುಡುಗನ ಕತೆ, ಅಂದ್ರೆ ಹೆಚ್ಚುಕಮ್ಮಿ ನಂದೇ. ಆಗ ಮಾಟುಂಗಾ ಕಿಂಗ್ಸ್ ಸರ್ಕಲ್ ಫುಟ್‌ಪಾತಲ್ಲಿ ಹಳೇ ಪುಸ್ತಕ ಕೆದಕ್ತಿದ್ದಾಗ ಅಮೆರಿಕದ ಕಾದಂಬರಿಕಾರ ಜಾನ್ ಫಾಂಟೆಯ 'ದಿ ಬಂಡೀನಿ ಕ್ವಾರ್ಟೆಟ್' ಸಿಕ್ತು, ಒಂದೇ ಬೈಂಡಲ್ಲಿ ನಾಲ್ಕು ಕಾದಂಬರಿ, ನಾಲ್ಕರಲ್ಲೂ ಆರ್ಟುರೋ ಬಂಡೀನಿ ಅನ್ನೋ ಒಬ್ಬನೇ ಹುಡುಗ, ಬರಹಗಾರ ಆಗ್ಬೇಕು ಅಂತ ಒದ್ದಾಡೋನು.

ಓದೋಕೆ ಸೀಟು ಬೇಕಲ್ಲ, ಅದಕ್ಕೆ ಫಾಸ್ಟ್ ಟ್ರೈನ್ ಬಿಟ್ಟು ಡೊಂಬಿವಲಿಯಿಂದಲೇ ಹೊರಡೋ ಸ್ಲೋ ಲೋಕಲ್ ಹಿಡಿಯೋಕೆ ಶುರು ಮಾಡ್ದೆ. ಮೊದಲ್ನೇದು ಓದಿ ಎರಡನೇದಕ್ಕೆ ಬಂದ್ರೆ ತಲೆ ಕೆಡ್ತು, ಅಲ್ಲಿ ಜೀವಂತ ಇದ್ದ ಗಾರೆ ಕೆಲಸದ ಅಪ್ಪ ಇಲ್ಲಿ ಸತ್ತೋಗಿದಾನೆ, ತಮ್ಮಂದಿರ ಬದಲು ಒಬ್ಳು ತಂಗಿ. ಆಮೇಲೆ ಗೊತ್ತಾಯ್ತು, ಎರಡನೇದೇ ಮೊದಲು ಬರೆದದ್ದು, 1936ರಲ್ಲಿ, ಯಾರೂ ಪ್ರಿಂಟ್ ಮಾಡ್ಲಿಲ್ಲ, ಫಾಂಟೆ ಸತ್ತು ಎರಡು ವರ್ಷಕ್ಕೆ 1985ರಲ್ಲಿ ಬಂತು. ಹಾಗಾಗಿ ವಾಪಸ್ ಹೋಗಿ ಬರೆದ ಕ್ರಮದಲ್ಲೇ ಓದ್ದೆ. ನೀವೂ ಹಾಗೇ ಓದಿ. ಮೀನು ಡಬ್ಬಿಗೆ ತುಂಬೋ ಕಾರ್ಖಾನೆಯಲ್ಲಿ ವಾಸನೆಗೆ ವಾಂತಿ ಮಾಡ್ಕೊಳ್ತಾ ನಾನೇ ದೊಡ್ಡ ಲೇಖಕ ಅಂತ ಕಿರುಚಾಡೋ ಹುಡುಗ, 1939ರ 'ಆಸ್ಕ್ ದಿ ಡಸ್ಟ್' ಹೊತ್ತಿಗೆ ಲಾಸ್ ಏಂಜಲೀಸ್ ಹೋಟ್ಲು ರೂಮಲ್ಲಿ ಬರೀ ಕಿತ್ತಳೆ ತಿಂದು ದಿನ ತಳ್ತಾನೆ, ಹಸಿವಿಗೆ ಹಾಲು ಕದ್ದು ತಂದ್ರೆ ಅದು ಮಜ್ಜಿಗೆ, ಅವನಿಗೆ ಸೇರಲ್ಲ. ಮುಲುಂಡ್ ಹತ್ರ ಅದನ್ನ ಓದಿ ಪುಸ್ತಕ ಮುಚ್ಚಿ ಸುಮ್ನೆ ಕೂತ್ಬಿಟ್ಟೆ. ಕೊನೇದು 1982ರದ್ದು, ಅಷ್ಟೊತ್ತಿಗೆ ಫಾಂಟೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು, ಅವರು ಹೇಳ್ತಾ ಹೋಗಿದಾರೆ, ಹೆಂಡ್ತಿ ಜಾಯ್ಸ್ ಬರ್ಕೊಂಡಿದಾರೆ.

ನನ್ನ ಕತೆ ಬಿಡಿಸಿದ್ದು 'ಆಸ್ಕ್ ದಿ ಡಸ್ಟ್'ನ ಒಂದು ಪ್ರಸಂಗ. ಬಂಡೀನಿ ಕತೆ ಬರೆಯೋಕಾಗ್ದೆ ಸಂಪಾದಕನಿಗೆ ಉದ್ದುದ್ದ ಕಾಗದ ಬರೀತಾನೆ, ಆತ ಅದರ ತಲೆ ಬಾಲ ಎರಡೂ ತೆಗೆದು ಕತೆ ಅಂತ ಹಾಕ್ತೀನಿ ಅಂತಾನೆ. ಆ ಭಾನುವಾರ ನಾನೂ ಕತೆ ಪಕ್ಕಕ್ಕಿಟ್ಟು ಊರಲ್ಲಿರೋ ಅಕ್ಕನಿಗೆ ಕಾಗದ ಬರೆಯೋಕೆ ಕೂತೆ, ಉಭಯ ಕುಶಲೋಪರಿಯಿಂದ ಶುರು ಮಾಡಿ, ಹೋಟ್ಲಿನ ಮೊದಲ ವರ್ಷ ಅವಳಿಗೆ ಹೇಳದೇ ಮುಚ್ಚಿಟ್ಟದ್ದೆಲ್ಲ. ರಾತ್ರಿ ಒಂದೂವರೆಗೆ ಹನ್ನೊಂದು ಪುಟ. ಮೂರು ಪುಟದ ಹಳೇ ಕತೆಯಲ್ಲಿ ಎಷ್ಟು ತಿಣುಕಿದ್ರೂ ಬರದ ಸಾಲು ಇದ್ರಲ್ಲಿ ತಾನಾಗೇ ಬಂದಿತ್ತು: "ನಿನ್ನ ಕಾಗದ ಗಲ್ಲಾದ ಡ್ರಾಯರಲ್ಲಿ ಚಿಲ್ಲರೆ ಜೊತೆ ಇಟ್ಟಿದ್ದೆ ಅಕ್ಕ, ಅದಕ್ಕೂ ಈಗ ಸಾಂಬಾರಿನ ವಾಸನೆ."

ಕುಶಲೋಪರಿ ತೆಗೆದೆ, ಕೊನೆಯ ನಮಸ್ಕಾರ ತೆಗೆದೆ, 'ಅಕ್ಕ' ಅನ್ನೋದನ್ನ ಮಾತ್ರ ಎಲ್ಲೂ ಮುಟ್ಲಿಲ್ಲ. ಕತೆ ಮುಗೀತು. ಕಾಗದವನ್ನೂ ಪೋಸ್ಟ್ ಮಾಡ್ದೆ, ಅದು ಅವಳಿಗೆ ಬರೆದದ್ದು ತಾನೇ.