ಶ್ರೀಶೈಲ ಪಾದಯಾತ್ರೆ: ನಾನು ಬಿಟ್ಟ ದಾರಿ, ಹಿಡಿದ ದಾರಿ

ನಮ್ಮ ಹುಬ್ಬಳ್ಳಿ ಗುಂಪಿನಲ್ಲಿ ನನ್ನ ಅಡ್ಡಹೆಸರು ಬಸ್ ಮಲ್ಲಯ್ಯ. ಪಾದಯಾತ್ರೆಯ ನಡುವೆ ಬಸ್ ಹತ್ತುತ್ತೇನೆ, ಅದಕ್ಕೆ. ಆದರೆ 2025ರ ಯುಗಾದಿಗೆ ಹೊರಟ ಹದಿನಾರು ಮಂದಿಯಲ್ಲಿ ಕಾಲಲ್ಲಿ ಒಂದೂ ಬೊಬ್ಬೆ ಇಲ್ಲದೆ, ಕಾಡಿನ ದಾರಿ ಮುಗಿಸಿ ಶ್ರೀಶೈಲದ ಕೈಲಾಸ ಬಾಗಿಲು ಹತ್ತಿದವನು ನಾನೊಬ್ಬನೇ. ಈಗ ಬರೆಯಬಹುದು ಅಲ್ವಾ?

2019ರಲ್ಲಿ ಪೂರ್ತಿ ನಡೆದೇ ಹೋಗುತ್ತೇನೆ ಅಂತ ಹಟ ಹಿಡಿದಿದ್ದೆ. ಅಣ್ಣಿಗೇರಿ, ಗದಗ, ಲಕ್ಕುಂಡಿ, ಕೊಪ್ಪಳ, ಎಲ್ಲಾ ಹೈವೇ. ಮೇಲೆ ಬಿಸಿಲು, ಕೆಳಗೆ ಡಾಂಬರು, ಕಾಲಲ್ಲಿ 2,800 ರೂಪಾಯಿಯ ಬೂಟು. ಗಂಗಾವತಿ ದಾಟುವಷ್ಟರಲ್ಲಿ ಎರಡೂ ಹಿಮ್ಮಡಿ ಕಿತ್ತು ಬಂದವು. ಸಿಂಧನೂರಿನಲ್ಲಿ ದವಾಖಾನೆಗೆ ಸಾವಿರದ ಚಿಲ್ಲರೆ ಸುರಿದು ಊರಿಗೆ ವಾಪಸ್.

2022ರಲ್ಲಿ ಉಲ್ಟಾ ಮಾಡಿದೆ. ಆಂಧ್ರದ ಆತ್ಮಕೂರಿನ ತನಕ ಬಸ್ಸು, ಆಮೇಲೆ ಬರೀ ನಲ್ಲಮಲ ಕಾಡು. ಇದು ಇನ್ನೂ ದೊಡ್ಡ ತಪ್ಪು. ನಾಗಲೂಟಿ ಏರುವಾಗಲೇ ಏದುಸಿರು. ಪೆದ್ದಚೆರುವು ದಾಟಿ ಭೀಮನಕೊಳ್ಳಕ್ಕೆ ಇಳಿಯುವಾಗ ಮೊಣಕಾಲು ಗಡಗಡ. ಕಾಲು ಪಳಗಿರಲೇ ಇಲ್ಲ. ಬಿಡುವುದಾದರೆ ನಡುವಿನದನ್ನು ಬಿಡಬೇಕು, ಮೊದಲ ಮೂರು ದಿನ ಮತ್ತು ಕಾಡಿಗೆ ಮುಂಚಿನ ಮೂರು ದಿನ ನಡೆಯಲೇಬೇಕು ಅಂತ ಅಲ್ಲಿ ಬುದ್ಧಿ ಬಂತು.

ಈಗ ಹುಬ್ಬಳ್ಳಿಯಿಂದ ಗದಗಕ್ಕೆ ಎರೆ ಹೊಲದ ಬಂಡಿ ದಾರಿಯಲ್ಲಿ ಹೋಗುತ್ತೇನೆ. ಆರೇಳು ಕಿಲೋಮೀಟರ್ ಜಾಸ್ತಿ, ಆಗಲಿ. ಕಡಲೆ ಕಿತ್ತು ಹೊಲ ಖಾಲಿ ಇರುತ್ತದೆ, ಕಾಲಡಿ ಮಣ್ಣು. 2023ರಲ್ಲಿ ಒಂದು ಸಂಜೆ ಮಳೆ ಬಿತ್ತು ನೋಡಿ, ಒಂದೊಂದು ಚಪ್ಪಲಿಗೆ ಎರಡು ಕಿಲೋ ಎರೆ ಮಣ್ಣು! ಎರಡು ಕಿಲೋಮೀಟರಿಗೆ ಎರಡು ತಾಸು. ಮೋಡ ಕಂಡರೆ ಸುಮ್ನೆ ಡಾಂಬರಿಗೆ ಬಂದುಬಿಡಿ.

ಗದಗದಿಂದ ಕೊಪ್ಪಳಕ್ಕೆ ರೈಲು. ಸುಮಾರು 60 ಕಿಲೋಮೀಟರ್ ಲಾರಿ ಹೊಗೆ ತಪ್ಪಿತು, ಎರಡು ದಿನ ಉಳಿಯಿತು. ಕಾಡಿನ ದಾರಿ ಬಿಡುವುದು ಶಿವರಾತ್ರಿ, ಯುಗಾದಿ ಹೊತ್ತಿಗೆ ಮಾತ್ರ. ಅದಕ್ಕೇ ಗುಂಪಿನವರು ದಿನಕ್ಕೆ 40 ಕಿಲೋಮೀಟರ್ ಎಳೆಯುತ್ತಾರೆ, ಕಾಲು ಕೆಡಿಸಿಕೊಳ್ಳುತ್ತಾರೆ. ನನಗೆ 27, 28 ಸಾಕು.

ಗಂಗಾವತಿ ಆಚೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ಕಾರಟಗಿ ಕಡೆಗೆ. ನಸುಕಿನ ನಾಲ್ಕಕ್ಕೆ ಹೊರಟರೆ ಎರಡೂ ಕಡೆ ಭತ್ತದ ಗದ್ದೆ, ತಣ್ಣನೆ ಗಾಳಿ. ಆದರೆ ಕಾಲುವೆ ಹಾವಿನ ಹಾಗೆ ಸುತ್ತುತ್ತದೆ. 2023ರಲ್ಲಿ ಪೂರ್ತಿ ಅದನ್ನೇ ಹಿಡಿದು ಒಂದು ದಿನ ಕಳೆದುಕೊಂಡೆ. ಈಗ ಒಂದು ತೂಬಿನ ಹತ್ತಿರ ಬಿಟ್ಟು ಕೆಳಗಿಳಿಯುತ್ತೇನೆ. ಯಾವ ತೂಬು ಅಂತ ಹೇಳಲ್ಲ, ಮೂರು ವರ್ಷ ಅಲೆದು ಕಂಡುಕೊಂಡಿದ್ದು.

ಇನ್ನೊಂದು ಕಷ್ಟ ಊಟದ್ದು. ದಾಸೋಹ ಎಲ್ಲಾ ದೊಡ್ಡ ರಸ್ತೆಯಲ್ಲೇ. ಕಾಲುವೆ ಮೇಲೆ ಯಾರು ಹುಗ್ಗಿ ಬಡಿಸುತ್ತಾರೆ? ಮೊದಲ ಸಲ ಒಂದಿಡೀ ದಿನ ಉಪವಾಸ ಬಿದ್ದೆ. ಈಗ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತೇನೆ. ಆದರೂ ಗುಂಪಿನವರಿಗಿಂತ ಊಟಕ್ಕೆ 800, 900 ಜಾಸ್ತಿ ಹೋಗುತ್ತದೆ. ಬಸ್ಸು, ರೈಲು ಸೇರಿ ಇನ್ನೊಂದು 300.

ಸಿಂಧನೂರು, ಸಿರುಗುಪ್ಪ, ಆದೋನಿ ನಡಿಗೆ. ಅಲ್ಲಿ ಗುಂಪು ಸಿಕ್ಕಿತು. ಕರ್ನೂಲಿನ ಬಸ್ ಹತ್ತುವಾಗ ನಮ್ಮ ಹಿರಿಯ ಕಾಕಾ ಹಿಡಿದರು: ‘ಬಸ್ ಹತ್ತಿದ ಮ್ಯಾಲೆ ಅದೆಂಥಾ ಪಾದಯಾತ್ರಿನೋ ತಮ್ಮಾ?’

‘ಕಾಕಾ, ಟ್ರ್ಯಾಕ್ಟರ್‌ನ್ಯಾಗ ನಿಮ್ಮ ಗಂಟು ಹೊಂಟೈತಲ್ರಿ, ಅದು ನಡಕೋತ ಹೊಂಟೈತೇನು?’ ಅಂದೆ. ನಕ್ಕರು, ಒಪ್ಪಲಿಲ್ಲ.

ಕರ್ನೂಲಿನಿಂದ ಆತ್ಮಕೂರು ಮೂರು ದಿನ ಆರಾಮಾಗಿ ನಡೆದೆ. ಮೊಣಕಾಲು ನೋಯುತ್ತಿದ್ದರೆ ಅಲ್ಲೇ ನಿರ್ಧಾರ ಮಾಡಿ, ದೋರ್ನಾಲ ಮೇಲೆ ಶ್ರೀಶೈಲಕ್ಕೆ ಹೋಗುವ ಬಸ್ ಹಿಡಿಯಿರಿ. ಕಾಡು ಹೊಕ್ಕ ಮೇಲೆ ಬಸ್ಸಿಲ್ಲ. ರಾತ್ರಿ ಕಾಲಿಗೆ ಹರಳೆಣ್ಣೆ ಹಚ್ಚುತ್ತೇನೆ. ಅದಕ್ಕೆ ಬೆರೆಸುವುದು ಏನು ಅಂತ ಕಾಕಾನಿಗೂ ಹೇಳಿಲ್ಲ.

ಈಗ ಕಾಲಲ್ಲಿ 350 ರೂಪಾಯಿಯ ಟೈರ್ ಚಪ್ಪಲಿ. ಹಳೆ ಬೂಟನ್ನೂ ಬಿಡಲಿಲ್ಲ, ಹಿಂದಿನ ಭಾಗ ಕತ್ತರಿಸಿ ಚಪ್ಪಲಿ ಮಾಡಿ ನೋಡಿದೆ. ಅಣ್ಣಿಗೇರಿ ತನಕ ಬಂತು.