ಫ್ರೆಂಚ್ ಕಂಚಿನ ಕುದುರೆ: ಸಹಿಗಿಂತ ಮೊದಲು ತಳ ನೋಡಿ

ಕಂಚಿನ ಕುದುರೆ ಕೈಗೆ ಬಂದಾಗ ನಾನು ಮೊದಲು ಮಾಡುವ ಕೆಲಸ, ಅದು ಹಳೆಯದೋ ನಕಲೋ ತಿಳಿಯಲು ಮಡಚಿದ ಕಂಬಳಿಯ ಮೇಲೆ ಮಗ್ಗುಲಾಗಿ ಮಲಗಿಸಿ ತಳ ನೋಡುವುದು. ಸಹಿ ಆಮೇಲೆ. ಪಿಯೆರ್ ಜೂಲ್ ಮೆನ್, ಆಂತ್ವಾನ್ ಲೂಯಿ ಬಾರಿ, ಇಸಿದೋರ್ ಬೊನರ್, ಹೀಗೆ 19ನೇ ಶತಮಾನದ ಯಾವ ಫ್ರೆಂಚ್ ಶಿಲ್ಪಿಯ ಸಹಿಯೇ ಇರಲಿ, ಹಳೆಯ ಕುದುರೆಯ ಮೇಲೆ ಅಚ್ಚು ತೆಗೆದರೆ ಅದರೊಡನೆ ಸಹಿಯೂ ಅಚ್ಚಿಗೆ ಇಳಿಯುತ್ತದೆ.

19ನೇ ಶತಮಾನದ ಪ್ಯಾರಿಸ್‌ನಲ್ಲಿ ಇಂಥ ಕುದುರೆಗಳು ಹೆಚ್ಚಾಗಿ ಮರಳಿನ ಅಚ್ಚಿನಲ್ಲಿ ಎರಕವಾದವು. ಬಿಚ್ಚಿ ಜೋಡಿಸಬಹುದಾದ ಮೂಲ ಕಂಚಿನ ಮಾದರಿಯ ಒಂದೊಂದು ಭಾಗವನ್ನೂ ಜೇಡಿ ಬೆರೆತ ನಯ ಮರಳಿಗೆ ಒತ್ತುತ್ತಿದ್ದರು. ಮುಂಡ, ಬಾಲ, ಕಾಲು ಬೇರೆಬೇರೆ ಎರಕವಾಗಿ, ಕೀಲು ಹೊಡೆದು ಕೂಡಿಸಿ, ಉಳಿ ಮತ್ತು ಅರದಿಂದ ಮೇಲ್ಮೈ ತಿದ್ದುತ್ತಿದ್ದರು. ಆದ್ದರಿಂದ ಹಳೆಯದರ ಒಳಮೈ ಮುಟ್ಟಿದರೆ ಸಣ್ಣ ತರಿತರಿ. ಬಾಲ ಸೇರುವಲ್ಲಿ ಭೂತಗನ್ನಡಿ ಹಿಡಿದರೆ ಕೂದಲೆಳೆಯಷ್ಟು ಸೇರುಗೆರೆ, ಅದರ ಪಕ್ಕದಲ್ಲಿ ಕೀಲಿನ ದುಂಡು ತಲೆ ಸಿಗಬಹುದು. ಇತ್ತೀಚಿನ ನಕಲುಗಳ ಒಳಗೆ ಮೇಣ ಹರಿದು ಇಳಿದ ಧಾರೆ, ಹನಿ ನಿಂತ ಗುರುತು ಕಾಣುತ್ತದೆ. ಮೇಣದ ಮಾದರಿ ಕರಗಿಸಿ ಆ ಜಾಗಕ್ಕೆ ಲೋಹ ಹೊಯ್ಯುವ ಎರಕದ ಗುರುತು ಅದು, ನಮ್ಮ ಉತ್ಸವಮೂರ್ತಿಗಳೂ ಮೇಣದ ಎರಕದವೇ. ಹಾಗಾಗಿ ಮೇಣದ ಎರಕವೆಂದರೆ ನಮಗೆ ಹಳೆಯದೆನಿಸಬಹುದು. ಪ್ಯಾರಿಸ್ ಕುದುರೆಗಳಲ್ಲಿ ಮೇಣದ ಗುರುತು ಕಂಡರೆ ಅನುಮಾನ ಪಡಬೇಕು.

ಎರಡನೆಯದು ಅಳತೆ. ಕರಗಿದ ಕಂಚು ಗಟ್ಟಿಯಾಗಿ ತಣಿಯುವಾಗ ಸುಮಾರು 1.5ರಿಂದ 2% ಕುಗ್ಗುತ್ತದೆ. ಮುಗಿದ ವಿಗ್ರಹದಿಂದಲೇ ಅಚ್ಚು ತೆಗೆದು ಹೊಯ್ದರೆ 30 ಸೆಂ.ಮೀ. ಕುದುರೆ 4.5ರಿಂದ 6 ಮಿ.ಮೀ. ಚಿಕ್ಕದಾಗುತ್ತದೆ. ಹೀಗೆ ವಿಗ್ರಹದಿಂದಲೇ ತೆಗೆದ ನಕಲನ್ನು ಫ್ರೆಂಚರು ಸುರ್ಮುಲಾಜ್ ಎನ್ನುತ್ತಾರೆ. ನಾನು ಪೀಠದ ಉದ್ದವನ್ನು ನಂಬುವುದಿಲ್ಲ, ಪೀಠ ಬದಲಾಗಿರಬಹುದು. ಬಾಲದ ತುದಿಯೂ ಬೇಡ, ಜೋಡಿಸುವಾಗ ವಾಲಿರುತ್ತದೆ. ಒಂದೇ ಎರಕದ ತುಂಡಿನಲ್ಲಿರುವ ಬಿಂದುಗಳು ಬೇಕು. ಎದೆಯ ಮುಂದಿನ ಉಬ್ಬಿನಿಂದ ಪೃಷ್ಠದ ಹಿಂದಿನ ಉಬ್ಬಿಗೆ ಕ್ಯಾಲಿಪರ್ ಹಿಡಿದು ಮೂರು ಸಲ ಅಳೆದು, ನೆಚ್ಚಬಹುದಾದ ಇನ್ನೊಂದು ಎರಕದ ಅದೇ ಅಳತೆಗೆ ಹೋಲಿಸುತ್ತೇನೆ. ಶಿಲ್ಪವನ್ನು ಕಿರಿದಾಗಿ ನಕಲಿಸಲು ಆಶಿಲ್ ಕೊಲಾ ಕಂಡುಹಿಡಿದ ಯಂತ್ರದಿಂದ ಒಂದೇ ಮಾದರಿ ಹಲವು ಗಾತ್ರಗಳಲ್ಲಿ ಬಂದದ್ದುಂಟು. ಆದರೆ ಆ ಗಾತ್ರಗಳ ನಡುವೆ ದೊಡ್ಡ ಅಂತರವಿದೆ, ಕೆಲವೇ ಮಿಲಿಮೀಟರಿನದಲ್ಲ. ಕುಗ್ಗಿದ ನಕಲಿನಲ್ಲಿ ವಿವರವೂ ಮೊಂಡಾಗುತ್ತದೆ. ಮೂಗಿನ ಹೊಳ್ಳೆ, ಜೂಲಿನ ಎಳೆ, ಹೊಟ್ಟೆಯ ಮೇಲಿನ ನರ ನೋಡಿ. ಮೆನ್ ಆ ನರಗಳಲ್ಲೇ ಪ್ರಾಣ ಇಟ್ಟವನು. ಅವು ಮಸುಕಾದ ಕುದುರೆ ನನಗೆ ಎಷ್ಟು ಅಗ್ಗವಾದರೂ ಬೇಡ.

ಕಂಚಿನಂತೆ ಬಣ್ಣ ಬಳಿದ ಸತುವಿನ ಮಿಶ್ರಲೋಹ, ಅಂದರೆ ರೆಗ್ಯೂಲ್, ಪೇಟೆಯಲ್ಲಿ ಧಾರಾಳ. ಅಯಸ್ಕಾಂತಕ್ಕೆ ಎರಡೂ ಅಂಟುವುದಿಲ್ಲ, ಆ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಮಾರುವವರ ಒಪ್ಪಿಗೆ ಪಡೆದು ತಳದ ಒಳಅಂಚಿನಲ್ಲಿ ಸೂಜಿಯಿಂದ ಒಂದು ಗೀರು ಎಳೆದರೆ ಸಾಕು: ಕಂಚು ಹೊಂಬಣ್ಣ, ಸತು ಬೆಳ್ಳಿಬೂದಿ.

ಯಾರು ಕೆತ್ತಿದರು ಎಂಬುದರಷ್ಟೇ ಮುಖ್ಯ ಯಾರು, ಯಾವಾಗ ಎರಕ ಹೊಯ್ದರು ಎಂಬುದು. ಬಾರಿ 1875ರಲ್ಲಿ ತೀರಿಕೊಂಡ. ಮರುವರ್ಷದ ಮಾರಾಟದಲ್ಲಿ ಅವನ ಅನೇಕ ಮಾದರಿಗಳನ್ನು ಬಾರ್ಬೆದಿಯೆನ್ ಎರಕಶಾಲೆ ಕೊಂಡಿತು. ಆ ಎರಕಗಳು ಅಧಿಕೃತವಾದವು, ಅಚ್ಚುಕಟ್ಟಾದವು, ಆದರೂ ಬಾರಿ ಬದುಕಿದ್ದಾಗಿನ ಎರಕದ ಬೆಲೆ ಅವಕ್ಕೆ ಕೊಡಬಾರದು. 'ಕೂಸ್ತು' ಎಂಬ ಹೆಸರಿರುವ ಮಾರ್ಲಿ ಕುದುರೆಗಳಂತೂ ಎಲ್ಲೆಲ್ಲೂ ಸಿಗುತ್ತವೆ. ಶಿಲ್ಪಿ ಗಿಯೋಮ್ ಕೂಸ್ತು ಫ್ರಾನ್ಸಿನ ಮಾರ್ಲಿ ಅರಮನೆಗೆಂದು ಕೆತ್ತಿದ್ದು 18ನೇ ಶತಮಾನದ ಅಮೃತಶಿಲೆಯ ಜೋಡಿ, ಮೂಲ ಈಗ ಲೂವ್ರ್‌ನಲ್ಲಿದೆ. ಕಂಚಿನವು ಬಹುಪಾಲು ಆಮೇಲಿನ ಕಿರುಪ್ರತಿಗಳು.

ಸವಾರನಿದ್ದರೆ ಲಗಾಮು, ರಿಕಾಪು, ಚಾವಟಿ ನೋಡಿ. ತೆಳುಪಟ್ಟಿಯಿಂದ ಬೇರೆ ಮಾಡಿ ಸೇರಿಸಿದ ಲಗಾಮು ಬೇಗ ಮುರಿಯುತ್ತದೆ. ಕಡಿವಾಣದ ಬಳಿ ಖಾಲಿ ತೂತಿದ್ದರೆ ಲಗಾಮು ಹೋಗಿದೆ ಎಂದೇ ಅರ್ಥ. ಎತ್ತುವಾಗ ಎರಡೂ ಕೈ ಪೀಠದ ಕೆಳಗೆ; ಕತ್ತು, ಬಾಲ ಹಿಡಿದರೆ ಕೀಲು ಸಡಿಲವಾಗುತ್ತದೆ.

ಮನೆಯ ದೀಪ ಉಜ್ಜುವ ಹುಣಸೆಹಣ್ಣನ್ನು ಇದರ ಹತ್ತಿರ ತರಲೇಬೇಡಿ. ಕಂದು ಮೈಬಣ್ಣ ಕೊಳೆಯಲ್ಲ. ಕುಶಲಕರ್ಮಿ ಕಾವು, ರಾಸಾಯನಿಕ ಕೊಟ್ಟು ತಂದ ಬಣ್ಣ ಅದು, ಒಮ್ಮೆ ಹೋದರೆ ಹೋಯಿತು. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ವರ್ಷಕ್ಕೊಮ್ಮೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಪೆಟ್ರೋಲಿಯಂನಿಂದ ತೆಗೆದ ನಯವಾದ ಮೇಣ) ತೆಳ್ಳಗೆ ಹಚ್ಚಿ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು.

ಗಟ್ಟಿಯಾಗಿ ಅಂಟಿದ ಹಸಿರು ಕಿಲುಬಿಗೆ ಹೆದರಬೇಕಿಲ್ಲ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಮಾತ್ರ ಕ್ಲೋರೈಡ್ ಲೋಹವನ್ನು ತಿನ್ನುತ್ತಿದೆ ಎಂದರ್ಥ. ಅದರ ಮೇಲೆ ಮೇಣ ಹಚ್ಚಿದರೆ ಒಳಗೊಳಗೇ ಮುಂದುವರಿಯುತ್ತದೆ. ನಾನು ತೇವಾಂಶ 40%ಗಿಂತ ಕಡಿಮೆ ಇರುವಂತೆ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಲೋಹದ ಸಂರಕ್ಷಣೆ ಬಲ್ಲವರಿಗೆ ಒಪ್ಪಿಸುತ್ತೇನೆ. ಚಿಕಿತ್ಸೆಯಾಗಿ ಬಂದ ಮೇಲೆ ಕುದುರೆಯ ಕೆಳಗೆ ಬಿಳಿ ಕಾಗದ ಹಾಸಿ ಕೆಲವು ವಾರ ಬಿಡುತ್ತೇನೆ. ಕಾಗದದ ಮೇಲೆ ಹಸಿರು ಪುಡಿ ಕಂಡರೆ ಮತ್ತೆ ಪೆಟ್ಟಿಗೆಗೆ.